ಅಜ್ಜಿ ಹಣೆ ಮಾತ್ರ ನೋಡಬೇಡ

ಮೈಸೂರು
ಭಾನುವಾರ ಬೆಳಿಗ್ಗೆ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ, ಆದರೂ ವಾಕಿಂಗ್ ಬಿಟ್ಟಿಲ್ಲ. ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದನ್ನೆಲ್ಲ ಕೇಳಿಕೊಂಡೆ. ನನ್ನ ಮಾತು ಹೇಳಲು ಬಾಯಿ ಬರಲಿಲ್ಲ, ನೀನು ಅಷ್ಟು ಖುಷಿಯಲ್ಲಿದ್ದೆ. ಅದಕ್ಕೇ ಈ ಕಾಗದ. ಇಮೇಲ್‌ನಲ್ಲಿ ಕಳಿಸಿದರೂ ನನಗೆ ಇದು ಕಾಗದವೇ.

ನೀನು ಹೇಳಿದ್ದು ಇಷ್ಟು. ಡಿಎನ್ಎಯಲ್ಲಿ ಹೇಳಿದ ಜಾಗ ಹುಡುಕಿ ಕೂರುವ, ಆದರೆ ಕತ್ತರಿಸುವ ಶಕ್ತಿ ಕಳೆದುಕೊಂಡ ಡಿಕ್ಯಾಸ್9 ಅನ್ನೋ ಪ್ರೋಟೀನಿಗೆ, ಮೀಥೈಲ್ ಅನ್ನೋ ಪುಟ್ಟ ರಾಸಾಯನಿಕ ಗುರುತನ್ನು ಡಿಎನ್ಎಗೆ ಹಚ್ಚುವ ಎಂಜೈಮ್ ಅಂಟಿಸಿದೆ. ಜೀವಕೋಶದೊಳಗೆ ಬಿಟ್ಟೆ. ಬಾಯಿ ಮುಚ್ಚಿಸಬೇಕಾದ ಜೀನಿನ ಮುಂದೆ ಮೀಥೈಲ್ ಬಿತ್ತು. ಆದರೂ ನಿನಗೆ ಸಾಕಾಗಲಿಲ್ಲ. "ಇನ್ನೂ ಜೋರಾದ ಎಂಜೈಮ್ ಹಾಕ್ತೀನಿ ಅತ್ತೆ" ಅಂದೆ. ನನ್ನ ಕಿವಿ ನೆಟ್ಟಗಾಗಿದ್ದು ಅಲ್ಲೇ.

ನನ್ನದೊಂದು ಹಳೆಯ ಕತೆ ಇದೆ. ನಿಮ್ಮಪ್ಪನಿಗೂ ಹೇಳಿಲ್ಲ. 1980ರ ದಶಕ, ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನಾನು ಹೊಸಬಳು. ಆಗ ಎಕೋ ಆರ್ ಒನ್ ಅನ್ನೋ ಕತ್ತರಿ ಎಂಜೈಮ್ ಅಂದರೆ ಬಂಗಾರ. ಹೊರದೇಶದಿಂದ ಬರಬೇಕು, ದಾರಿಯಲ್ಲಿ ಐಸ್ ಕರಗಿದರೆ ಹೋಯಿತು. ಅದು ಜಿಎಎಟಿಟಿಸಿ ಅನ್ನೋ ಆರಕ್ಷರ ಕಂಡಲ್ಲಿ ಮಾತ್ರ ಡಿಎನ್ಎ ಕತ್ತರಿಸಬೇಕು. ನನ್ನ ಡಿಎನ್ಎ ಅರ್ಧಂಬರ್ಧ ಕತ್ತರಿಸಿತು. ಎಂಜೈಮ್ ಸಾಲದು ಅಂತ ನಾಲ್ಕು ಪಟ್ಟು ಸುರಿದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಡಿಎನ್ಎ ತುಂಡುಗಳನ್ನು ಬೇರ್ಪಡಿಸಿ ತೋರಿಸುವ ಜೆಲ್‌ನಲ್ಲಿ ಎರಡು ಹೊಸ ಗೆರೆ! ಕತ್ತರಿಸುವ ಹೊಸ ಜಾಗ ಸಿಕ್ಕಿತು ಅಂತ ಕುಣಿದೆ. ಮೂರು ತಿಂಗಳು ಅದರ ಹಿಂದೆ ಬಿದ್ದೆ.

ಕೊನೆಗೆ ಪಕ್ಕದ ಬೆಂಚಿನ ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಎಂಜೈಮ್ ಹಾಕಿದಿರಿ?" ಬಾಟಲಿಯಲ್ಲಿ ಅರ್ಧಕ್ಕರ್ಧ ಗ್ಲಿಸರಾಲ್ ಇರುತ್ತದಲ್ಲ. ಎಂಜೈಮ್ ಜಾಸ್ತಿಯಾದರೆ ಗ್ಲಿಸರಾಲೂ ಜಾಸ್ತಿ. ಶೇಕಡಾ 5 ದಾಟಿದರೆ ಎಕೋ ಆರ್ ಒನ್‌ಗೆ ಬುದ್ಧಿ ಕೆಡುತ್ತದೆ, ಒಂದಕ್ಷರ ಬೇರೆ ಇದ್ದರೂ ಕತ್ತರಿಸಿಬಿಡುತ್ತದೆ. ಸ್ಟಾರ್ ಆಕ್ಟಿವಿಟಿ ಅಂತ ಅದಕ್ಕೆ ಹೆಸರು. ಬಾಟಲಿ ಜೊತೆ ಬಂದ ಚೀಟಿಯಲ್ಲೇ ಬರೆದಿತ್ತು. ನಾನು ಓದಿರಲಿಲ್ಲ.

ಈಗ ನಿನ್ನ ವಿಷಯಕ್ಕೆ ಬರೋಣ. ಎಕೋ ಆರ್ ಒನ್ ಆರಕ್ಷರ ನೋಡಿಯೂ ದಾರಿ ತಪ್ಪಿತು. ನಿನ್ನ ಎಂಜೈಮ್ ನೋಡೋದು ಎರಡೇ ಅಕ್ಷರ, ಸಿ ಮತ್ತು ಅದರ ಪಕ್ಕದ ಜಿ. ಮನುಷ್ಯನ ಜೀನೋಮಿನಲ್ಲಿ ಅಂಥ ಜೋಡಿ ಸುಮಾರು 2 ಕೋಟಿ 80 ಲಕ್ಷ ಇವೆ. ಡಿಕ್ಯಾಸ್9 ಜೊತೆಗಿರುವ ಗೈಡ್ ಅನ್ನೋ ಆರ್‌ಎನ್ಎ ತುಂಡು 20 ಅಕ್ಷರ ಓದಿ ಸರಿಯಾದ ಬಾಗಿಲಿಗೆ ಕರೆದುಕೊಂಡು ಹೋಗುತ್ತದೆ, ನಿಜ. ಆದರೆ ದಾರಿಯುದ್ದಕ್ಕೂ ಎಂಜೈಮಿನ ಕೈ ಸುಮ್ನೆ ಇರುತ್ತದೆಯೇ? ಮದುವೆ ಮನೆಯಲ್ಲಿ ಚಿಕ್ಕ ಹುಡುಗಿ ಕೈಗೆ ಕುಂಕುಮದ ಬಟ್ಟಲು ಕೊಟ್ಟು "ಬೀಗರ ಅಜ್ಜಿಗೆ ಹಚ್ಚಿ ಬಾ" ಅಂದು ನೋಡು. ಅಜ್ಜಿಗೂ ಹಚ್ಚುತ್ತಾಳೆ. ದಾರಿಯಲ್ಲಿ ಸಿಕ್ಕವರಿಗೂ ಹಚ್ಚುತ್ತಾಳೆ. ಚಪ್ಪರದ ಕಂಬಕ್ಕೂ ಹಚ್ಚುತ್ತಾಳೆ. ಅಜ್ಜಿ ಹಣೆ ಮಾತ್ರ ನೋಡಿ "ಜಾಣೆ" ಅಂದರೆ ಹೇಗೆ?

ಇದು ನನ್ನ ಕಲ್ಪನೆಯಲ್ಲ. 2016ರ ಹೊತ್ತಿಗೆ ಡಿಕ್ಯಾಸ್9ಗೆ ಡಿಎನ್ಎಂಟಿ3ಎ ಅನ್ನೋ ಮೀಥೈಲ್ ಹಚ್ಚುವ ಎಂಜೈಮ್ ಅಂಟಿಸಿದ ಪೇಪರುಗಳು ಸಾಲಾಗಿ ಬಂದವು. ಎಲ್ಲರಿಗೂ ಉತ್ಸಾಹ. 2018ರಲ್ಲಿ ಒಂದು ಗುಂಪು ಗುರಿಯ ಜಾಗ ಬಿಟ್ಟು ಇಡೀ ಜೀನೋಮನ್ನು ಕೂತು ಓದಿತು. ಮೀಥೈಲ್ ಎಲ್ಲೆಲ್ಲೂ ಬಿದ್ದಿತ್ತು. ಗೈಡ್ ಯಾವುದು ಅನ್ನೋದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ನನಗೆ ಮೆಚ್ಚುಗೆಯಾದ ಕೆಲಸಗಳಲ್ಲಿ ಎಂಜೈಮಿಗೆ ಬಲ ತುಂಬಿದ್ದು ಕಡಿಮೆ, ಬಲ ಇಳಿಸಿದ್ದೇ ಜಾಸ್ತಿ. 2017ರಲ್ಲಿ ಒಂದು ತಂಡ ಸ್ಪೈರೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾದ ಎಂಜೈಮ್ ತೆಗೆದುಕೊಂಡಿತು. ಅದು ತುಂಬಾ ಚುರುಕು, ಹಾಗೇ ಬಿಟ್ಟರೆ ಕಂಡಲ್ಲೆಲ್ಲ ಹಚ್ಚುತ್ತದೆ. ಅದರ 147ನೇ ಜಾಗದ ಗ್ಲುಟಮಿನ್ ತೆಗೆದು ಲ್ಯೂಸಿನ್ ಇಟ್ಟರು. ಚುರುಕು ತಗ್ಗಿತು, ಆದರೆ ಗುರಿಯಲ್ಲಿ 24 ಗಂಟೆಯೊಳಗೇ ಮೀಥೈಲ್ ಬಿತ್ತು. ಹೇಗೆ ಅಂತ ನಿಧಾನವಾಗಿ ಯೋಚಿಸು. ಬಲವಾದ ಎಂಜೈಮ್ ತಾನೇ ಡಿಎನ್ಎ ಹಿಡಿದುಕೊಂಡು ಕೆಲಸ ಮುಗಿಸುತ್ತದೆ, ಅದಕ್ಕೆ ಡಿಕ್ಯಾಸ್9ರ ಹಂಗಿಲ್ಲ. ಬಲ ಇಳಿದ ಎಂಜೈಮಿಗೆ ಯಾರಾದರೂ ಒಂದೇ ಕಡೆ ಹಿಡಿದು ನಿಲ್ಲಿಸಬೇಕು. ನಿಲ್ಲಿಸಿದ ಕಡೆ ಮಾತ್ರ ಅದರ ಕೆಲಸ ಆಗುತ್ತದೆ.

ಇನ್ನೊಂದು ದಾರಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮಾರ್ಕ್ ಆಸ್ಟರ್‌ಮೈಯರ್ ಅವರ ಲ್ಯಾಬ್ ಹಿಡಿದದ್ದು. ಎಂಜೈಮನ್ನೇ ಎರಡು ತುಂಡು ಮಾಡಿದರು. ಒಂದೊಂದೇ ತುಂಡು ಏನೂ ಮಾಡಲಾರದು. ಒಂದೊಂದಕ್ಕೂ ಜಿಂಕ್ ಫಿಂಗರ್ ಅನ್ನೋ, ಡಿಎನ್ಎಯ ಗೊತ್ತಾದ ಜಾಗ ಹಿಡಿಯುವ ಪ್ರೋಟೀನ್ ಅಂಟಿಸಿದರು. ಗುರಿಯ ಎರಡೂ ಪಕ್ಕ ಇವು ಬಂದು ಕೂತರೆ ತುಂಡುಗಳು ಸೇರಿ ಎಂಜೈಮ್ ಪೂರ್ತಿಯಾಗುತ್ತದೆ. ಆದರೆ ತುಂಡುಗಳಿಗೆ ಒಂದಕ್ಕೊಂದರ ಮೇಲೆ ಪ್ರೀತಿ ಜಾಸ್ತಿಯಾದರೆ ಎಲ್ಲಿ ಬೇಕಾದರೂ ಸೇರಿಬಿಡುತ್ತವೆ. ಅದನ್ನೂ ತಗ್ಗಿಸಬೇಕು. ಮುಂದೆ ಜಿಂಕ್ ಫಿಂಗರ್ ಬದಲು ಡಿಕ್ಯಾಸ್9 ಇಟ್ಟೂ ಮಾಡಿದರು.

ಅವರ ಆಯ್ಕೆಯ ವಿಧಾನ ಓದಿದ ದಿನ ನಾನು ಒಬ್ಬಳೇ ನಕ್ಕಿದ್ದೆ. ಕತ್ತರಿ ಎಂಜೈಮುಗಳ ಜೊತೆ ಬಾಳಿದವಳಲ್ವಾ! ಎಂಜೈಮಿನ ಸಾವಿರಾರು ರೂಪ ಮಾಡಿ, ಉಂಗುರದಂಥ ಪುಟ್ಟ ಡಿಎನ್ಎಗಳಾದ ಪ್ಲಾಸ್ಮಿಡ್‌ಗಳಲ್ಲಿ ಇಟ್ಟರು. ಗುರಿಯ ಜಾಗವೂ ಅದೇ ಪ್ಲಾಸ್ಮಿಡ್‌ನಲ್ಲಿ. ಆಮೇಲೆ ಎರಡು ಕತ್ತರಿ ಹಾಕಿದರು. ಎಫ್‌ಎಸ್‌ಪಿ ಒನ್ ಅನ್ನೋದು ಗುರಿಯಲ್ಲಿ ಮೀಥೈಲ್ ಇಲ್ಲದಿದ್ದರೆ ಕತ್ತರಿಸುತ್ತದೆ. ಮ್ಯಾಕ್ರ್‌ಬಿಸಿ ಇದಕ್ಕೆ ಉಲ್ಟಾ, ಮೀಥೈಲ್ ಇರುವ ಜಾಗಗಳು ಎರಡಾದರೂ ಸಿಕ್ಕರೆ ಕತ್ತರಿಸುತ್ತದೆ. ಸೋಮಾರಿ ಎಂಜೈಮಿನ ಪ್ಲಾಸ್ಮಿಡ್ ಮೊದಲನೆಯದಕ್ಕೆ ಬಲಿ. ಎಲ್ಲೆಂದರಲ್ಲಿ ಹಚ್ಚುವುದರದ್ದು ಎರಡನೆಯದಕ್ಕೆ ಬಲಿ. ಎರಡನ್ನೂ ದಾಟಿದ್ದು ಮಾತ್ರ ಉಳಿಯಿತು. ನೀನು ಈಗ ಇಟ್ಟಿರುವುದು ಮೊದಲ ಪರೀಕ್ಷೆ ಒಂದೇ, ಪುಟ್ಟಿ. ಅದೊಂದನ್ನೇ ಇಟ್ಟರೆ ಸದಾ ಜೋರಾದ ಎಂಜೈಮೇ ಫಸ್ಟ್ ಕ್ಲಾಸ್‌ನಲ್ಲಿ ಪಾಸಾಗುತ್ತದೆ. (ಮ್ಯಾಕ್ರ್‌ಬಿಸಿ ಇರುವ ಇ. ಕೋಲಿಯಲ್ಲಿ ಮೀಥೈಲ್ ಹಚ್ಚಿದ ಪ್ಲಾಸ್ಮಿಡ್ ಬೆಳೆಸಲು ಹೋಗಬೇಡ. ಒಂದು ವಾರ ಅಳುತ್ತಾ ಕೂರುತ್ತೀಯ.)

"ಕತ್ತರಿಸೋದಿಲ್ಲವಲ್ಲ ಅತ್ತೆ, ಅಕ್ಷರ ಬದಲಾಗೋದಿಲ್ಲವಲ್ಲ, ಆಕಡೆ ಈಕಡೆ ಬಿದ್ದರೆ ಏನು ಮಹಾ" ಅಂದೆ. ಈ ಮಾತು ನನಗೆ ಹಿಡಿಸಲಿಲ್ಲ. ಮೀಥೈಲಿನ ಗುಣವೇ ಉಳಿದುಕೊಳ್ಳುವುದು. ಕೋಶ ಎರಡಾಗುವಾಗ ಡಿಎನ್ಎಂಟಿ1 ಅನ್ನೋ ಕೋಶದ್ದೇ ಎಂಜೈಮ್ ಹಳೆಯ ಎಳೆ ನೋಡಿ ಹೊಸ ಎಳೆಯ ಮೇಲೂ ಗುರುತು ಹಾಕುತ್ತದೆ. ಮಿಲಾನ್‌ನ ಸ್ಯಾನ್ ರಫೇಲ್‌ನಲ್ಲಿ ಆಂಜೆಲೊ ಲೊಂಬಾರ್ಡೊ ಅವರ ತಂಡ 2024ರಲ್ಲಿ ತೋರಿಸಿದ್ದು ಅದೇ ಅಲ್ವಾ? ಇಂಥ ಗುರುತು ಹಾಕುವ ಔಷಧಿ ಇಲಿಗೆ ಒಂದೇ ಡೋಸ್. ಕೊಲೆಸ್ಟರಾಲಿಗೆ ಸಂಬಂಧಪಟ್ಟ ಪಿಸಿಎಸ್‌ಕೆ9 ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯಿತು, ಹತ್ತಿರ ಹತ್ತಿರ ಒಂದು ವರ್ಷ ಹಾಗೇ ಇತ್ತು. ಎಂಜೈಮ್ ಯಾವಾಗಲೋ ಮಾಯ, ಗುರುತು ಮಾತ್ರ ಉಳಿಯಿತು. ಸರಿಯಾದ ಗುರುತು ಹಾಗೆ ಉಳಿಯುವುದಾದರೆ ತಪ್ಪು ಗುರುತು ಏಕೆ ಅಳಿಸಿಹೋಗಬೇಕು?

ಹಾಗಾಗಿ ಗ್ರೂಪ್ ಮೀಟಿಂಗಿಗೆ ಮುಂಚೆ ಇಷ್ಟು ಮಾಡು. ಗೈಡೇ ಇಲ್ಲದೆ ನಿನ್ನ ಎಂಜೈಮ್ ಬಿಟ್ಟ ಕೋಶ ಒಂದು ಇರಲಿ. ಎಂಜೈಮಿನ ಕೆಲಸ ಕೆಡಿಸಿ, ಡಿಕ್ಯಾಸ್9 ಮಾತ್ರ ಕೂರುವಂತೆ ಮಾಡಿದ್ದು ಇನ್ನೊಂದು ಇರಲಿ. ಡಿಕ್ಯಾಸ್9 ದಾರಿಗೆ ಅಡ್ಡ ಕೂತರೂ ಜೀನ್ ಸುಮ್ಮನಾಗುತ್ತದೆ. ಆ ಮೌನವನ್ನು ಮೀಥೈಲ್ ಲೆಕ್ಕಕ್ಕೆ ಬರೆದುಕೊಂಡವರನ್ನು ನಾನು ಕಂಡಿದ್ದೇನೆ. ಮೀಥೈಲ್ ಎಲ್ಲೆಲ್ಲಿದೆ ಅಂತ ನೋಡುವ ಬೈಸಲ್ಫೈಟ್ ಪರೀಕ್ಷೆ ಮಾಡುವಾಗ, ಲ್ಯಾಂಬ್ಡಾ ವೈರಸ್ಸಿನ ಮೀಥೈಲ್ ಇಲ್ಲದ ಡಿಎನ್ಎ ಚೂರು ಸೇರಿಸು. ಬೈಸಲ್ಫೈಟ್ ಮೀಥೈಲ್ ಇಲ್ಲದ ಸಿಯನ್ನೆಲ್ಲ ಬದಲಿಸಬೇಕು. ಬದಲಿಸದೆ ಬಿಟ್ಟದ್ದೂ ಮೀಥೈಲ್ ಥರವೇ ಕಾಣುತ್ತದೆ. ಎಷ್ಟು ಬಿಟ್ಟಿದೆ ಅಂತ ಲ್ಯಾಂಬ್ಡಾ ಹೇಳುತ್ತದೆ. ಆಮೇಲೆ ಕೋಶಕ್ಕೆ ಹಾಕುವ ಎಂಜೈಮಿನ ಪ್ಲಾಸ್ಮಿಡ್ ಕಡಿಮೆ ಮಾಡುತ್ತಾ ಹೋಗು. ಗುರಿಯಲ್ಲಿ ಸ್ವಲ್ಪ ಕಳೆದುಕೊಂಡರೂ ಬೇರೆ ಕಡೆ ಪೂರ್ತಿ ನಿಂತುಹೋದರೆ ಅದೇ ನಿನ್ನ ಒಳ್ಳೆಯ ಫಲಿತಾಂಶ. ಬೋರ್ಡಿನ ಮೇಲಿನ ಗ್ರಾಫಿನಲ್ಲಿ ಗುರಿಯ ಕಂಬ ಗಿಡ್ಡವಾಗಿ ಕಾಣುತ್ತದೆ. ಕಾಣಲಿ ಬಿಡು.

ನಿನ್ನ ಗೈಡ್ ಅವಸರ ಮಾಡಿದರೆ ಏನು ಮಾಡಲಿ ಅಂತ ಕೇಳುತ್ತೀಯ, ಗೊತ್ತು. (ಆರ್‌ಎನ್ಎ ಗೈಡ್ ಅಲ್ಲ, ಮನುಷ್ಯ ಗೈಡ್.) ಗೈಡ್ ಇಲ್ಲದ ಕೋಶದ ಅಂಕಿ ಮುಂದಿಟ್ಟು ಮಾತಾಡು. ಅವರೂ ಒಂದು ಕಾಲದಲ್ಲಿ ಬೆಂಚಿನ ಮುಂದೆ ನಿಂತವರೇ.

ಚಳಿ ಜಾಸ್ತಿ ಅಂತ ನಿಮ್ಮಮ್ಮ ಹೇಳಿದಳು. ರಾತ್ರಿ ಬ್ರೆಡ್ ತಿಂದು ಮಲಗಬೇಡ, ಒಂದು ಹಿಡಿ ಅನ್ನ ಮಾಡಿಕೋ. ಚಟ್ನಿಪುಡಿ, ಮೆಂತ್ಯದ ಹಿಟ್ಟು ಪಾರ್ಸೆಲ್ ಮಾಡಿದ್ದೇನೆ.

ಮುಂದಿನ ಭಾನುವಾರ ಫೋನ್ ಮಾಡಿದಾಗ ಗುರಿಯ ಅಂಕಿ ಆಮೇಲೆ ಹೇಳು. ಗೈಡ್ ಇಲ್ಲದ ಕೋಶದಲ್ಲಿ ಏನು ಬಂತು ಅನ್ನೋದನ್ನ ಮೊದಲು ಹೇಳು.

ಇಂತಿ ನಿನ್ನ
ಅತ್ತೆ