ತಮ್ಮನ ಕಾರು ಊರಿಗೆ ಬರುವ ಮೊದಲು

ಬೆಲ್‌ವ್ಯೂ, ವಾಷಿಂಗ್ಟನ್ ರಾಜ್ಯ
ಏಪ್ರಿಲ್ 12, 2026

ತೀರ್ಥರೂಪ ಅಪ್ಪಯ್ಯನವರಿಗೆ ಮಗಳ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮವಾಗಿದ್ದೇವೆ. ನಿಮ್ಮ ಮತ್ತು ಅಮ್ಮನ ಕ್ಷೇಮಕ್ಕೆ ಬರೆಯುತ್ತಿರಬೇಕು. ತಮ್ಮನಿಗೆ ಗುರುಗ್ರಾಮದಿಂದ ಶಿವಮೊಗ್ಗದ ಶಾಖೆಗೆ ವರ್ಗವಾದ ಸುದ್ದಿ ಕೇಳಿ ಆದ ಸಂತೋಷ ಇನ್ನೂ ಇಳಿದಿಲ್ಲ. ಆದರೆ ಅದರ ಬೆನ್ನಿಗೇ ನೀವು, "ಕಾರನ್ನು ಗುರುತಿಲ್ಲದವರ ಲಾರಿಗೆ ಹತ್ತಿಸಿ ಕಳಿಸುವುದು ಬೇಡ, ಒಬ್ಬ ಡ್ರೈವರನ್ನು ಗೊತ್ತುಮಾಡಿಕೊಂಡು ನಾನೇ ಹೋಗಿ ತರುತ್ತೇನೆ" ಎಂದಿರಲ್ಲ, ಆ ಮಾತು ನನ್ನನ್ನು ಎರಡು ರಾತ್ರಿ ಸರಿಯಾಗಿ ನಿದ್ರೆ ಮಾಡಲು ಬಿಡಲಿಲ್ಲ. ಸುಮಾರು ಎರಡು ಸಾವಿರ ಕಿಲೋಮೀಟರ್ ದಾರಿ, ಬೇಸಿಗೆಯ ಬಿಸಿಲು, ನಿಮ್ಮ ಮಂಡಿನೋವು, ಇವೆಲ್ಲವನ್ನೂ ನೆನೆದು, ಫೋನಿನಲ್ಲಿ ಅರ್ಧ ಹೇಳಿ ಅರ್ಧ ಬಿಡುವುದಕ್ಕಿಂತ ನನಗೆ ಆದ ಅನುಭವವನ್ನು ಬರೆದೇ ತಿಳಿಸುವುದು ಲೇಸೆಂದು ಕುಳಿತಿದ್ದೇನೆ.

ಕಳೆದ ನವೆಂಬರಿನಲ್ಲಿ ನಾವು ನ್ಯೂಜೆರ್ಸಿಯಿಂದ ಇಲ್ಲಿಗೆ ಬಂದಾಗ ನಮ್ಮ ಕಾರೂ ಲಾರಿಯ ಮೇಲೆಯೇ ಬಂದಿತು. ಅಮೆರಿಕದ ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿನವರೆಗೆ, ಹತ್ತಿರಹತ್ತಿರ 4,600 ಕಿಲೋಮೀಟರ್. ಆಗ ನಿಮಗೆ ಹೇಳಿದ್ದರೆ ಸುಮ್ಮನೆ ಚಿಂತೆ ಮಾಡುತ್ತೀರೆಂದು "ಕಾರು ಬಂತು" ಎಂದಷ್ಟೇ ತಿಳಿಸಿದ್ದೆ. ನಡುವೆ ನಡೆದದ್ದನ್ನು ಈಗ ಹೇಳುತ್ತೇನೆ.

ಇಲ್ಲಿ ಕಾರು ಸಾಗಿಸುತ್ತೇವೆ ಎಂದು ಜಾಹೀರಾತು ಕೊಡುವವರಲ್ಲಿ ಬಹುಮಂದಿಗೆ ಸ್ವಂತ ಲಾರಿ ಇರುವುದಿಲ್ಲ. ಅವರು ದಲ್ಲಾಳಿಗಳು. ನಮ್ಮಿಂದ ಕೆಲಸ ಹಿಡಿದು, ಲಾರಿ ಇರುವವರ ಮುಂದೆ ಇಡುತ್ತಾರೆ. ಆ ಬಾಡಿಗೆಗೆ ಯಾರಾದರೂ ಒಪ್ಪಿದರೆ ಲಾರಿ ಬರುತ್ತದೆ, ಒಪ್ಪದಿದ್ದರೆ ಇಲ್ಲ. ಇದು ನನಗೆ ತಿಳಿದಿರಲಿಲ್ಲ. ಐದಾರು ಕಡೆ ವಿಚಾರಿಸಿ, ಎಲ್ಲರಿಗಿಂತ ಕಡಿಮೆ, 900 ಡಾಲರ್ ಹೇಳಿದವರಿಗೆ ಮುಂಗಡ ಕೊಟ್ಟುಬಿಟ್ಟೆ. ಹೇಳಿದ ದಿನ ಲಾರಿ ಬರಲಿಲ್ಲ, ಮರುದಿನವೂ ಬರಲಿಲ್ಲ. ಮೂರನೆಯ ದಿನ ಅವರೇ ಕರೆ ಮಾಡಿ, ಇನ್ನೂ 600 ಡಾಲರ್ ಸೇರಿಸಿದರೆ ಮಾತ್ರ ಲಾರಿ ಸಿಗುತ್ತದೆ ಎಂದರು. ಮನೆ ಖಾಲಿ ಮಾಡುವ ಗಡುವು ಹತ್ತಿರ ಬಂದಿತ್ತು, ಸಾಮಾನೆಲ್ಲ ಪೆಟ್ಟಿಗೆ ಸೇರಿತ್ತು. ಇಂಥ ಹೊತ್ತಿನಲ್ಲಿ ಮನುಷ್ಯ ಕೇಳಿದಷ್ಟು ಕೊಟ್ಟುಬಿಡುತ್ತಾನೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಮುಂಗಡದ ಆಸೆ ಬಿಟ್ಟು ಬೇರೆಯವರನ್ನು ಹುಡುಕಿದೆ.

ಎರಡನೆಯ ಸಲ ಹುಡುಕುವಾಗ ಮೊದಲು ದರ ಕೇಳಲಿಲ್ಲ, ನೋಂದಣಿ ಸಂಖ್ಯೆ ಕೇಳಿದೆ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸರಕು ಸಾಗಿಸುವ ಪ್ರತಿಯೊಬ್ಬರೂ ಇಲ್ಲಿನ ಕೇಂದ್ರ ಸರ್ಕಾರದ ಫೆಡರಲ್ ಮೋಟಾರ್ ಕ್ಯಾರಿಯರ್ ಸೇಫ್ಟಿ ಅಡ್ಮಿನಿಸ್ಟ್ರೇಷನ್‌ನಲ್ಲಿ ನೋಂದಾಯಿಸಿಕೊಂಡಿರಬೇಕು. ಆ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹಾಕಿದರೆ ಪರವಾನಗಿ ಚಾಲ್ತಿಯಲ್ಲಿದೆಯೇ, ವಿಮೆ ಇದೆಯೇ, ಸ್ವಂತ ಲಾರಿಯವರೋ ದಲ್ಲಾಳಿಯೋ ಎಂಬುದೆಲ್ಲ ಯಾರಿಗಾದರೂ ಕಾಣುತ್ತದೆ. ದಲ್ಲಾಳಿಯಾದವರು 75,000 ಡಾಲರಿನ ಭದ್ರತೆಯನ್ನೂ ಇಟ್ಟಿರಬೇಕು. ಹೀಗೆ ನೋಡಿ ಆರಿಸಿದವರು 1,650 ಡಾಲರ್ ಹೇಳಿದರು. ಅದಕ್ಕಿಂತ ಒಂದು ಡಾಲರನ್ನೂ ಹೆಚ್ಚಿಗೆ ತೆಗೆದುಕೊಳ್ಳಲಿಲ್ಲ.

ಆ ಲಾರಿಯನ್ನು ನೀವು ನೋಡಬೇಕಿತ್ತು, ಅಪ್ಪಯ್ಯ. ಎಂಟು ಒಂಬತ್ತು ಕಾರುಗಳನ್ನು ಮೇಲೊಂದು ಸಾಲು, ಕೆಳಗೊಂದು ಸಾಲು ಹೊತ್ತು, ಹೆಚ್ಚುಕಡಿಮೆ ಎಂಬತ್ತು ಅಡಿ ಉದ್ದ ನಿಲ್ಲುವ ಗಾಡಿ ಅದು. ನಮ್ಮ ಬೀದಿಯಲ್ಲಿ ತಿರುಗಲು ಜಾಗವಿಲ್ಲದ್ದರಿಂದ, ಸಮೀಪದ ದೊಡ್ಡ ಅಂಗಡಿಯೊಂದರ ಬಯಲಿಗೆ ನಾನೇ ಕಾರನ್ನು ಒಯ್ದೆ. ಚಾಲಕರು ವಯಸ್ಸಾದವರು, ಮಾತು ಕಡಿಮೆ. ಟ್ಯಾಂಕಿನಲ್ಲಿ ಕಾಲುಭಾಗ ಪೆಟ್ರೋಲ್ ಸಾಕು, ತುಂಬಿಸಿದರೆ ವ್ಯರ್ಥ ತೂಕ ಎಂದು ಮೊದಲೇ ತಿಳಿಸಿದ್ದರು. ಒಳಗೆ ಬಟ್ಟೆಬರೆ, ಪೆಟ್ಟಿಗೆ ಏನೂ ಇರಕೂಡದು, ಅವಕ್ಕೆ ವಿಮೆ ಅನ್ವಯಿಸುವುದಿಲ್ಲ ಎಂದರು. ಕಬ್ಬಿಣದ ಎರಡು ಕಿರಿದಾದ ಹಲಗೆಗಳ ಮೇಲೆ ಕಾರನ್ನು ಬೆರಳಷ್ಟೂ ಆಚೀಚೆ ಆಗದಂತೆ ಹತ್ತಿಸಿ, ನಾಲ್ಕೂ ಚಕ್ರಗಳ ಟಯರಿನ ಮೇಲೆ ಅಗಲವಾದ ಪಟ್ಟಿ ಹಾಯಿಸಿ, ಸನ್ನೆಕೋಲಿನಿಂದ ಕಟಕಟನೆ ಬಿಗಿದರು. ಕಾರಿನ ಮೈಯನ್ನು ಎಲ್ಲಿಯೂ ಕಟ್ಟುವುದಿಲ್ಲ. ಚಕ್ರವನ್ನು ಮಾತ್ರ ಕಟ್ಟಿದರೆ, ಲಾರಿ ಕುಲುಕಿದಾಗ ಕಾರು ತನ್ನ ಸ್ಪ್ರಿಂಗಿನ ಮೇಲೆ ತಾನು ತೂಗಿಕೊಳ್ಳುತ್ತದೆ.

ಅದನ್ನು ನೋಡುತ್ತಾ ನಿಂತಾಗ ನನಗೆ ತುಮರಿಯ ಅತ್ತೆಯ ಮನೆಗೆ ಹೋಗುವಾಗ ಅಂಬಾರಗೋಡ್ಲಿನ ಕಡವಿನಲ್ಲಿ ನೀವು ನಮ್ಮ ಬಿಳಿ ಮಾರುತಿಯನ್ನು ಹಿನ್ನೀರು ದಾಟಿಸುವ ಲಾಂಚಿಗೆ ಹತ್ತಿಸುತ್ತಿದ್ದುದು ಕಣ್ಣಿಗೆ ಕಟ್ಟಿತು. ನಮ್ಮನ್ನೆಲ್ಲ ಕೆಳಗಿಳಿಸಿ, ಲಾಂಚಿನವರ ಕೈಸನ್ನೆ ನೋಡುತ್ತಾ ಒಂದೊಂದೇ ಗೇಣು ಮುಂದೆ ಬಿಟ್ಟು, ಗೇರಿನಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ನೀವು ಕೀಲಿಕೈ ತೆಗೆಯುತ್ತಿದ್ದಿರಿ. ಕಳೆದ ಜುಲೈ 14ರಂದು ಸಿಗಂದೂರಿನ ಸೇತುವೆ ಉದ್ಘಾಟನೆಯಾದ ಮೇಲೆ ಮಕ್ಕಳಿಗೆ ಆ ನೋಟ ಇನ್ನು ಸಿಗಲಾರದು. ಶರಾವತಿಯ ಹಿನ್ನೀರಿನ ನಡುವೆ ನೀವು ಪರರ ಗಾಡಿಯನ್ನು ನಂಬಿದ್ದು ಕಣ್ಣುಮುಚ್ಚಿಕೊಂಡು ಅಲ್ಲ. ಲಾರಿಯ ವಿಷಯದಲ್ಲಿಯೂ ನಾನು ಕೇಳುತ್ತಿರುವುದು ಅಂಥ ನಂಬಿಕೆಯನ್ನೇ.

ಪಟ್ಟಿ ಬಿಗಿಯುವ ಮೊದಲು ಆ ಚಾಲಕರು ಮಾಡಿದ ಇನ್ನೊಂದು ಕೆಲಸವೇ ಈ ಪತ್ರದ ತಿರುಳು. ಒಂದು ಹಾಳೆಯಲ್ಲಿ ಕಾರಿನ ನಾಲ್ಕು ಮಗ್ಗುಲಿನ ಚಿತ್ರ ಅಚ್ಚಾಗಿತ್ತು. ಅವರು ನನ್ನನ್ನೂ ಜೊತೆಗೆ ಕರೆದುಕೊಂಡು ಸುತ್ತು ಬಂದು, ಎಲ್ಲೆಲ್ಲಿ ಗೀರು, ತಗ್ಗು ಇತ್ತೋ ಅಲ್ಲಲ್ಲಿ ಗುರುತು ಹಾಕಿ, ಓಡಿದ ಮೈಲಿ ಎಷ್ಟೆಂದು ಬರೆದು, ಇಬ್ಬರ ಸಹಿಯನ್ನೂ ಮಾಡಿಸಿದರು. ಇದನ್ನು ಇಲ್ಲಿ ಬಿಲ್ ಆಫ್ ಲೇಡಿಂಗ್ ಎನ್ನುತ್ತಾರೆ. ಮಂಡಿಗೆ ಅಡಿಕೆ ಕಳಿಸುವ ನಿಮಗೆ ಲಾರಿ ಆಫೀಸಿನ ಎಲ್.ಆರ್., ಅಂದರೆ ಲಾರಿ ರಸೀದಿ, ಎಂದರೆ ತಿಳಿಯುತ್ತದೆ. ನಾನು ಅದರ ಜೊತೆಗೆ ಬಿಸಿಲಿನಲ್ಲಿ ನಲವತ್ತು ಫೋಟೋ ತೆಗೆದಿಟ್ಟುಕೊಂಡೆ. ಅಷ್ಟೊಂದು ಯಾಕೆ ಎಂದು ಆಗ ನಮ್ಮ ಮನೆಯವರು ಕೇಳಿದ್ದರು.

ಕಾರು ಹನ್ನೊಂದು ದಿನಕ್ಕೆ ತಲುಪಿತು. ಇಲ್ಲಿನ ಕಾನೂನಿನ ಪ್ರಕಾರ ಲಾರಿ ಚಾಲಕರು ಹತ್ತು ಗಂಟೆ ವಿಶ್ರಾಂತಿ ಪಡೆದ ಮೇಲೆ ಹನ್ನೊಂದು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಅದನ್ನು ಗಾಡಿಯಲ್ಲಿರುವ ಯಂತ್ರವೇ ದಾಖಲಿಸುತ್ತದೆ; ಆದ್ದರಿಂದ ಅವಸರಪಡಿಸಿ ಪ್ರಯೋಜನವಿಲ್ಲ, ಅವಸರಪಡಿಸುವುದು ಸರಿಯೂ ಅಲ್ಲ. ನಡುವೆ ವಯೋಮಿಂಗ್ ರಾಜ್ಯದಲ್ಲಿ ಹಿಮಗಾಳಿಗೆ ಹೆದ್ದಾರಿ ಮುಚ್ಚಿ ಎರಡು ದಿನ ಹೆಚ್ಚು ಹಿಡಿಯಿತು. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ನಿಲ್ಲಿಸುತ್ತಾರಲ್ಲ, ಹಾಗೆ.

ಇಳಿಸಿದ್ದು ಸಂಜೆ ಆರು ಗಂಟೆಗೆ. ನವೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೇ ಕತ್ತಲು, ಜೊತೆಗೆ ಜಿಟಿಜಿಟಿ ಮಳೆ. ದಾರಿಯಲ್ಲಿ ಲಾರಿಯೂ ಚಾಲಕರೂ ಬದಲಾಗಿದ್ದರು. ಬಂದವರು ಇಂಜಿನ್ ಆರಿಸದೆಯೇ ಸಹಿ ಕೇಳಿದರು. ಒದ್ದೆಯಾದ ಕಾರಿನ ಮೇಲೆ ಗೀರು ಕಾಣುವುದೇ ಇಲ್ಲ. ನಾನು ಮನೆಯಿಂದ ತಂದಿದ್ದ ಹಳೆಯ ಟವಲಿನಿಂದ ಒಂದೊಂದೇ ಬದಿ ಒರೆಸಿ, ಟಾರ್ಚನ್ನು ಮೈಗೆ ಓರೆಯಾಗಿ ಹಿಡಿದು ನೋಡಿದೆ. ಎಡಗಡೆಯ ಹಿಂದಿನ ದೀಪದ ಗಾಜು ಸೀಳಿತ್ತು, ಅದರ ಕೆಳಗೆ ಬಂಪರಿನ ಮೇಲೆ ಗೇಣುದ್ದದ ಕಪ್ಪು ಗೀರು ಎದ್ದಿತ್ತು. ಮೊದಲೇ ಇತ್ತು ಎಂದರು. ಹತ್ತಿಸುವ ದಿನದ ಹಾಳೆಯನ್ನೂ ಫೋಟೋವನ್ನೂ ತೋರಿಸಿದ ಮೇಲೆ ಅವರು ಮರುಮಾತಾಡದೆ ಅದೇ ಹಾಳೆಯಲ್ಲಿ ಎರಡನ್ನೂ ಬರೆದು ಸಹಿ ಮಾಡಿದರು. ಅದರ ಬಲದಿಂದಲೇ ಆರು ವಾರದಲ್ಲಿ ರಿಪೇರಿಯ 420 ಡಾಲರ್ ಪೂರ್ತಿ ಕೈಗೆ ಬಂತು. ಆ ಮಳೆಗೆ ಬೇಸತ್ತು, "ಬೆಳಿಗ್ಗೆ ನೋಡಿದರಾಯಿತು" ಎಂದು ಸಹಿ ಹಾಕಿದ್ದರೆ ಒಂದು ಕಾಸೂ ಬರುತ್ತಿರಲಿಲ್ಲ, ಏಕೆಂದರೆ ಕಾರು ಸರಿಯಾಗಿ ತಲುಪಿತು ಎಂದು ನಾನೇ ಬರೆದುಕೊಟ್ಟಂತೆ ಆಗುತ್ತಿತ್ತು.

ಇನ್ನು ತಮ್ಮನ ಕಾರಿನ ವಿಷಯ. ದೇಶ ಬೇರೆಯಾದರೂ ವ್ಯವಹಾರದ ರೀತಿ ಒಂದೇ. ಅಲ್ಲಿಯೂ ಸ್ವಂತ ಗಾಡಿ ಇರುವವರಿಗಿಂತ ಏಜೆಂಟರೇ ಹೆಚ್ಚು. ಕಡಿಮೆ ದರ ಹೇಳಿ, ಕಾರು ಕೈಗೆ ಸಿಕ್ಕ ಮೇಲೆ ಇನ್ನಷ್ಟು ಕೊಟ್ಟರೆ ಮಾತ್ರ ಬಿಡುತ್ತೇವೆ ಎನ್ನುವವರೂ ಇದ್ದಾರೆ. ಆದ್ದರಿಂದ ಯಾರ ಗಾಡಿಯಲ್ಲಿ ಬರುತ್ತದೆ, ಜಿ.ಎಸ್.ಟಿ. ಸಂಖ್ಯೆ ಯಾವುದು, 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ನೋಂದಣಿ ಇದೆಯೇ ಎಂದು ಅವನು ಮೊದಲೇ ಕೇಳಿ ಬರೆಸಿಕೊಳ್ಳಲಿ. ಆ ಕಾಯ್ದೆ ಮತ್ತು ಅದರ ನಿಯಮಗಳಲ್ಲಿ ನಮಗೆ ಮುಖ್ಯವಾದ ಎರಡು ಸಂಗತಿಗಳಿವೆ. ಕಾರಿನ ಬೆಲೆಗೆ ತಕ್ಕ ಹೆಚ್ಚಿನ ಹೊಣೆಯನ್ನು ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳದಿದ್ದರೆ, ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಂತುಬಿಡುತ್ತದೆ. ಇಪ್ಪತ್ತು ಸಾವಿರ ಬಾಡಿಗೆಯಾದರೆ ಎರಡು ಲಕ್ಷ, ಅಷ್ಟೇ. ಹಾಗಾಗಿ ಪ್ರಯಾಣದ ವಿಮೆಯನ್ನು ಮಾಡಿಸಿ, ಅದರ ಪಾಲಿಸಿಯ ಪ್ರತಿಯನ್ನೇ ಕೈಗೆ ಪಡೆಯಲಿ, ಬಾಯಿಮಾತಿನ "ವಿಮೆ ಇದೆ ಸಾರ್" ಬೇಡ. ಎರಡನೆಯದು, ನಷ್ಟವಾದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು, ಇಲ್ಲವಾದರೆ ಕೋರ್ಟಿಗೆ ಹೋಗುವ ದಾರಿ ಮುಚ್ಚುತ್ತದೆ.

ಮೀಟರಿನ ಫೋಟೋ ಮರೆಯಬಾರದು. ಲಾರಿಯಲ್ಲಿ ತರುತ್ತೇವೆಂದು ಹೇಳಿ ಕಾರನ್ನೇ ರಸ್ತೆಯಲ್ಲಿ ಓಡಿಸಿಕೊಂಡು ಬಂದರೆ ಅದು ಮೀಟರಿನಲ್ಲಿ ತಿಳಿಯುತ್ತದೆ. ಫಾಸ್ಟ್‌ಟ್ಯಾಗಿನ ಸಂದೇಶಗಳನ್ನೂ ಅವನು ಗಮನಿಸುತ್ತಿರಲಿ. ಲಾರಿಯ ಮೇಲಿರಬೇಕಾದ ಕಾರಿನ ಹೆಸರಿನಲ್ಲಿ ಟೋಲ್ ಕಡಿತವಾದರೆ ಕೂಡಲೇ ಫೋನು ಮಾಡಿ ಕೇಳಬಹುದು.

ತಲುಪಿಸುವ ಜಾಗ "ಶಿವಮೊಗ್ಗ" ಎಂದೇ ಎಲ್.ಆರ್.ನಲ್ಲಿ ಇರಬೇಕು. ಬೆಂಗಳೂರಿನ ಯಾರ್ಡಿನಲ್ಲಿ ಇಳಿಸಿ, ಮುಂದಿನದು ನಿಮ್ಮ ಪಾಡು ಎನ್ನುವುದಾದರೆ ಅದೂ ಮೊದಲೇ ಗೊತ್ತಿರಲಿ. ನಮ್ಮ ಮನೆಯ ದಣಪೆಯವರೆಗೆ ಆ ಉದ್ದದ ಗಾಡಿ ಬರುವ ಮಾತೇ ಇಲ್ಲ. ಬಿ.ಎಚ್. ರಸ್ತೆಯ ಬದಿಯಲ್ಲಿ ವಿಶಾಲವಾದ ಜಾಗ ನೋಡಿ, ಹಗಲು ಹೊತ್ತಿನಲ್ಲೇ ಇಳಿಸಿಕೊಂಡು, ಗಾಜನೂರು, ಮಂಡಗದ್ದೆಯ ಮೇಲೆ ತೀರ್ಥಹಳ್ಳಿಯ ಕಡೆಗೆ ತಮ್ಮನೇ ಓಡಿಸಿಕೊಂಡು ಬರಲಿ. ಮೇ ತಿಂಗಳೊಳಗೆ ಇದೆಲ್ಲ ಮುಗಿದರೆ ಒಳ್ಳೆಯದು. ಮೃಗಶಿರಾ ಮಳೆ ಹಿಡಿದ ಮೇಲೆ ಕಾರಿನ ಮೈ ಒಣಗಿರುವ ಗಳಿಗೆ ಸಿಗುವುದೇ ಕಷ್ಟ.

ಕಾಗದಪತ್ರದ ಕೆಲಸವನ್ನು ಅವನು ಗುರುಗ್ರಾಮದಿಂದ ಹೊರಡುವ ಮೊದಲೇ ಶುರುಮಾಡಬೇಕು. ಕಾರಿಗಿರುವುದು ಹರಿಯಾಣದ ಎಚ್.ಆರ್. 26 ಸಂಖ್ಯೆ. ಹೊರ ರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕರ್ನಾಟಕದಲ್ಲಿ ಇಟ್ಟುಕೊಳ್ಳುವುದಾದರೆ, 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕರ್ನಾಟಕದ ಸಂಖ್ಯೆ ಪಡೆಯಲೇಬೇಕು. ಗುರುಗ್ರಾಮದ ಆರ್.ಟಿ.ಓ.ದಿಂದ ನಿರಾಕ್ಷೇಪಣಾ ಪತ್ರ, ಅಂದರೆ ನಮೂನೆ 28, ತರಬೇಕು. ಸಾಲ ಬಾಕಿ ಇದ್ದರೆ ಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆಯೂ ಬೇಕು. ಆಮೇಲೆ ಶಿವಮೊಗ್ಗದಲ್ಲಿ ನಮೂನೆ 27 ಕೊಟ್ಟು, ಕರ್ನಾಟಕದ ತೆರಿಗೆ ಕಟ್ಟಿದರೆ ಕೆ.ಎ. 14 ಬರುತ್ತದೆ. ಹರಿಯಾಣದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಭಾಗವನ್ನು ಹಿಂದಕ್ಕೆ ಕೇಳಲು ಹಳೆಯ ರಸೀದಿಗಳು ಬೇಕಾಗುತ್ತವೆ, ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಅವನು ಎಸೆಯದಿರಲಿ. 2021ರಲ್ಲಿ ಬಂದ ಬಿ.ಎಚ್., ಅಂದರೆ ಎಲ್ಲ ರಾಜ್ಯಗಳಲ್ಲೂ ನಡೆಯುವ ಭಾರತ್ ಸರಣಿಯ ಸಂಖ್ಯೆ ಇದ್ದಿದ್ದರೆ ಈ ಓಡಾಟವೇ ಇರುತ್ತಿರಲಿಲ್ಲ. ಅವನು ಕಾರು ಕೊಂಡದ್ದು ಅದಕ್ಕೂ ಮೊದಲು.

ಅಪ್ಪಯ್ಯ, ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸ್‌ಗೆ ಅಡಿಕೆ ಒಯ್ಯುವಾಗ ರಾಶಿ ಬಗೆಯ ಮೂಟೆ ಎಷ್ಟು, ಬೆಟ್ಟೆ ಬಗೆಯದು ಎಷ್ಟು ಎಂದು ಎಣಿಸಿ, ತೂಕದ ಚೀಟಿಯನ್ನು ಎರಡು ಸಲ ಓದಿದ ಹೊರತು ಹಿಂದಿರುಗಿದವರಲ್ಲ ನೀವು. ಗುರುಗ್ರಾಮಕ್ಕೆ ಹೋಗುವ ಬದಲು ಕಾರು ಇಳಿಯುವ ದಿನ ಶಿವಮೊಗ್ಗದಲ್ಲಿ ತಮ್ಮನ ಪಕ್ಕ ನಿಂತಿರಿ. ಅವನಿಗೆ ಅವಸರ ಹೆಚ್ಚು, ನೋಡದೆಯೇ ಸಹಿ ಹಾಕಿಬಿಡುತ್ತಾನೆ. ಹತ್ತಿಸಿದ ದಿನದ ಹಾಳೆ ನಿಮ್ಮ ಕೈಯಲ್ಲಿರಲಿ, ಸುತ್ತು ಬಂದು ನೀವು ಸರಿ ಎಂದ ಮೇಲೆ ಅವನು ಸಹಿ ಮಾಡಲಿ.

ಅವನು ಬುಕ್ ಮಾಡಿದ ಕೂಡಲೇ ಎಲ್.ಆರ್. ಮತ್ತು ವಿಮೆಯ ಪ್ರತಿಯನ್ನು ನನಗೂ ಕಳಿಸಲು ಹೇಳಿ, ಇಲ್ಲಿಂದಲೇ ಒಮ್ಮೆ ಓದಿ ನೋಡುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರಗಳನ್ನು ತಿಳಿಸಿರಿ.

ಇಂತಿ ನಿಮ್ಮ ಪ್ರೀತಿಯ ಮಗಳು