ತ್ರಿವೇಣಿಯವರಿಗೂ ಒಂದು ಥ್ಯಾಂಕ್ಸ್

ಎಂಎ ಸೈಕಾಲಜಿ ರಿಸಲ್ಟ್ ಬಂತು, ಪಾಸಾದೆ. ಫೋನ್ ಮಾಡಿ, ಮೆಸೇಜ್ ಹಾಕಿ ಖುಷಿಪಟ್ಟ ಎಲ್ಲರಿಗೂ ಥ್ಯಾಂಕ್ಸ್. ‘ಇದೇ ಸಬ್ಜೆಕ್ಟ್ ಯಾಕೆ ತಗೊಂಡೆ?’ ಅಂತ ತುಂಬಾ ಜನ ಕೇಳಿದ್ದೀರಿ. ಕಾರಣ ಕಾದಂಬರಿಗಾರ್ತಿ ತ್ರಿವೇಣಿಯವರು. ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ, 1963ರಲ್ಲಿ, ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡವರು. ಆಗ ಅವರಿಗೆ 35 ಕೂಡ ತುಂಬಿರಲಿಲ್ಲ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಮನಸ್ಸಿನ ಕಾಯಿಲೆ ಬಂತು. ಆಸ್ಪತ್ರೆ ಸೇರಿ, ವಾಸಿಯಾಗಿ ಮನೆಗೆ ಬಂದಳು. ಕಷ್ಟ ಜಾಸ್ತಿಯಾಗಿದ್ದು ಆಮೇಲೆ. ಸಾರಿಗೆ ಒಂಚೂರು ಉಪ್ಪು ಹೆಚ್ಚಾದರೆ ಬಂದ ನೆಂಟರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅಮ್ಮ ಜೋರಾಗಿ ನಕ್ಕರೆ ‘ಮಾತ್ರೆ ತಗೊಂಡ್ಯಾ?’ ಸುಮ್ನೆ ಕೂತರೂ ಅದೇ ಪ್ರಶ್ನೆ. ಯಾರ ಮನೆ ಸಾರಿಗೆ ಉಪ್ಪು ಹೆಚ್ಚಾಗಲ್ಲ ಹೇಳಿ?

ಆಗ ಚಿಕ್ಕಮ್ಮ ಲೈಬ್ರರಿಯಿಂದ ತ್ರಿವೇಣಿಯವರ ‘ಶರಪಂಜರ’ ಕಾದಂಬರಿ ತಂದುಕೊಟ್ಟರು. ಅದರ ನಾಯಕಿ ಕಾವೇರಿಗೆ ಹೆರಿಗೆಯ ನಂತರ ಬುದ್ಧಿ ಕೆಡುತ್ತದೆ. ವಾಸಿಯಾಗಿ ಬಂದರೂ ಗಂಡನಿಂದ ಹಿಡಿದು ಅಕ್ಕಪಕ್ಕದವರವರೆಗೆ ಯಾರೂ ಅವಳನ್ನು ಮೊದಲಿನ ಹಾಗೆ ನೋಡುವುದಿಲ್ಲ. ಕೊನೆಗೆ ಕಾಯಿಲೆ ಮರುಕಳಿಸುತ್ತದೆ. ಆ ಕೊನೆ ಓದಿ ನನಗೆ ಹೆದರಿಕೆ ಆಗಿತ್ತು, ನಿಜ. ಆದರೆ ನಮ್ಮ ಮನೆಯಲ್ಲಿ ನಾನು ಕಂಡಿದ್ದನ್ನೇ ಯಾರೋ ಮೊದಲೇ ಕಂಡು ಬರೆದಿಟ್ಟಿದ್ದಾರೆ ಅನ್ನಿಸಿತು. ತಪ್ಪು ಕಾವೇರಿಯದಲ್ಲ, ನೋಡುವವರದು ಅಂತ ಅಷ್ಟು ನೇರವಾಗಿ ನನಗೆ ಬೇರೆ ಯಾರೂ ಹೇಳಿರಲಿಲ್ಲ. ಅಮ್ಮನ ಪರ ಮಾತಾಡಲು ಧೈರ್ಯ ಬಂದಿದ್ದೇ ಆಮೇಲೆ.

ಈ ಕಾದಂಬರಿಯನ್ನೇ ಆಧರಿಸಿದ ಪುಟ್ಟಣ್ಣ ಕಣಗಾಲರ 1971ರ ಸಿನಿಮಾ ಎಲ್ಲರಿಗೂ ಗೊತ್ತು. ಕಲ್ಪನಾ ಅಭಿನಯಕ್ಕೆ ಎರಡು ಮಾತಿಲ್ಲ. ಆದರೆ ನಮ್ಮ ಕಡೆ ಆ ಸಿನಿಮಾ ಅಂದರೆ ಹೆಂಗಸರೆಲ್ಲ ಅವರ ಸೀರೆಗಳ ಬಗ್ಗೆಯೇ ಮಾತಾಡುತ್ತಿದ್ದರು. ನನ್ನ ವೋಟು ಪುಸ್ತಕಕ್ಕೇ.

ಆಮೇಲೆ ‘ಬೆಕ್ಕಿನ ಕಣ್ಣು’, ‘ದೂರದ ಬೆಟ್ಟ’, ‘ಹಣ್ಣೆಲೆ ಚಿಗುರಿದಾಗ’, ಸಿಕ್ಕಿದ್ದೆಲ್ಲ ಓದಿದೆ. ತ್ರಿವೇಣಿಯವರೂ ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು ಅಂತ ಗೊತ್ತಾಗಿದ್ದು ಪಿಯುಸಿಯಲ್ಲಿ. ಆಗಲೇ ನಾನೂ ಅದನ್ನೇ ಓದಬೇಕು ಅಂತ ತೀರ್ಮಾನ ಮಾಡಿಬಿಟ್ಟೆ. ಮನಸ್ಸಿನ ಕಾಯಿಲೆಗೆ ದೇವರು, ದೆವ್ವ ಅಂತ ಜನ ಓಡಾಡುತ್ತಿದ್ದ ಕಾಲದಲ್ಲಿ ಇದು ಕಾಯಿಲೆ, ಇದಕ್ಕೆ ಡಾಕ್ಟರ್ ಇದ್ದಾರೆ ಅಂತ ಕಥೆಯೊಳಗೇ ಹೇಳಿದವರು ಅವರು. ಅದೂ ಮಧ್ಯಾಹ್ನ ಊಟ ಮುಗಿಸಿ ಅಡ್ಡಾದ ಹೆಂಗಸರು ಕೈಬಿಡದೆ ಓದುವ ಹಾಗೆ.

ಚಿಕ್ಕಮ್ಮನಿಗೆ ದೊಡ್ಡ ಥ್ಯಾಂಕ್ಸ್. ಲೇಟಾಗಿ ಪುಸ್ತಕ ವಾಪಸ್ ಕೊಟ್ಟರೂ ಫೈನ್ ಕೇಳದ ಲೈಬ್ರರಿ ಅಂಕಲ್‌ಗೂ. ಫೀಸಿಗೆ ಅಂತ ತನ್ನ ಬಳೆ ಅಡ ಇಟ್ಟ ಅಜ್ಜಿಗೆ ಇಲ್ಲಿ ಬರೆದರೆ ಸಾಲದು, ಊರಿಗೇ ಬರುತ್ತೇನೆ.

ಅಮ್ಮ ಈಗ ಆರಾಮಾಗಿದ್ದಾಳೆ. ಮಾತ್ರೆ ತಾನೇ ನೆನಪಿಟ್ಟು ತಗೊಳ್ಳುತ್ತಾಳೆ. ‘ಶರಪಂಜರ ಓದಮ್ಮ’ ಅಂದರೆ ‘ಅದೆಲ್ಲ ನಂಗೆ ಗೊತ್ತಿರೋದೇ, ಯಾವುದಾದ್ರೂ ನಗೋ ಪುಸ್ತಕ ಇದ್ರೆ ಕೊಡು’ ಅನ್ನುತ್ತಾಳೆ. ಬೀಚಿ ಕೊಟ್ಟಿದ್ದೇನೆ.