ಮುಂಬಯಿ ಪ್ರಾಂತದ ಕಡತಗಳಿಗೆ ಕನ್ನಡ ಸೂಚಿ ಬೇಕು

ಮಾನ್ಯ ಸಂಪಾದಕರೇ,

ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ನಮ್ಮ ಹಿರಿಯರು ಮುಂಬಯಿ ಪ್ರಾಂತದ ಪ್ರಜೆಗಳಾಗಿದ್ದಾಗ ನ್ಯಾಯ ಕೇಳುವುದಕ್ಕೂ 1870ರ ಕೋರ್ಟ್ ಶುಲ್ಕ ಕಾಯ್ದೆಯಂತೆ ಸ್ಟ್ಯಾಂಪು ಹಚ್ಚಬೇಕಿತ್ತು. ಉನ್ನತ ಆಡಳಿತ ಹುದ್ದೆಗಳಿಗಾಗಿ ನಡೆಯುತ್ತಿದ್ದ ಐಸಿಎಸ್ (ಇಂಡಿಯನ್ ಸಿವಿಲ್ ಸರ್ವಿಸ್) ಪರೀಕ್ಷೆಯಂತೂ 1922ರವರೆಗೆ ಇಂಗ್ಲೆಂಡಿನಲ್ಲಿ ಮಾತ್ರ ನಡೆಯುತ್ತಿದ್ದುದರಿಂದ, ಹಡಗಿನ ಖರ್ಚು ಭರಿಸಲಾರದ ಬುದ್ಧಿವಂತ ಹುಡುಗರಿಗೆ ಆ ಬಾಗಿಲು ಮುಚ್ಚಿಯೇ ಇತ್ತು; 1878ರಿಂದ ಕೆಲವು ವರ್ಷ ಗರಿಷ್ಠ ವಯೋಮಿತಿಯನ್ನು 19ಕ್ಕೆ ಇಳಿಸಿದ್ದು, ನನ್ನ ದೃಷ್ಟಿಯಲ್ಲಿ, ಅದಕ್ಕಿಂತ ದೊಡ್ಡ ಅನ್ಯಾಯ.

ಆ ಪ್ರಾಂತ ಸರ್ಕಾರದ ಕಡತಗಳು ಇಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿವೆ. ಅವುಗಳಲ್ಲಿ ಕನ್ನಡ ಜಿಲ್ಲೆಗಳಿಗೆ ಸಂಬಂಧಿಸಿದ ಶುಲ್ಕ, ನೇಮಕಾತಿ, ಪರೀಕ್ಷಾ ನಿಯಮಗಳ ಸೂಚಿಯೊಂದನ್ನು ಕನ್ನಡದಲ್ಲಿ ಪ್ರಕಟಿಸಲು ಕರ್ನಾಟಕ ಸರ್ಕಾರವೂ ಮುಂಬಯಿಯ ಕನ್ನಡ ಸಂಘಗಳೂ ಕೂಡಿ ಮುಂದಾಗಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ಓದುಗ, ಮಾಟುಂಗಾ, ಮುಂಬಯಿ